ಮಗುವನ್ನು ಆಟಕ್ಕೆ ಕಳಿಸುವ ಮೊದಲು ಗನ್ ಬಗ್ಗೆ ಕೇಳಿ

ಬೆಂಗಳೂರಿನಿಂದ ಟೆಕ್ಸಸ್‌ನ ಡಲ್ಲಾಸ್ ಕಡೆಗೆ ಬರುತ್ತಿರುವ ದಂಪತಿ, "ಅಮೆರಿಕದಲ್ಲಿ ಗನ್ ಜಾಸ್ತಿ ಅಂತಾರೆ, ಮಗುವನ್ನು ಕರೆದುಕೊಂಡು ಬರೋಕೆ ಭಯಪಡಬೇಕಾ?" ಅಂತ ಕೇಳಿದ್ದರು. ಅದಕ್ಕೆ ತುಂಬ ಉತ್ತರಗಳು ಬಂದಿವೆ. "ಒಳ್ಳೆ ಏರಿಯಾದಲ್ಲಿ ಮನೆ ಮಾಡಿ, ಏನೂ ಆಗಲ್ಲ" ಅಂತ ಕೆಲವರು. "ಟೆಕ್ಸಸ್ ಬೇಡ, ನ್ಯೂಜೆರ್ಸಿ ನೋಡಿ" ಅಂತ ಇನ್ನು ಕೆಲವರು. ಎರಡೂ ನನಗೆ ಸರಿ ಅನ್ನಿಸಲಿಲ್ಲ. ಒಳ್ಳೆಯ ಶಾಲೆ, ದೊಡ್ಡ ಮನೆಗಳು, ಗಲಾಟೆ ಇಲ್ಲದ ಬೀದಿ ಇರುವ ಕಡೆಯೂ ಗನ್ ಇರುತ್ತದೆ. ಸ್ಮಾಲ್ ಆರ್ಮ್ಸ್ ಸರ್ವೆ ಅನ್ನುವ ಸಂಶೋಧನಾ ಸಂಸ್ಥೆಯ 2018ರ ವರದಿಯ ಪ್ರಕಾರ ಅಮೆರಿಕದ ಸಾಮಾನ್ಯ ಜನರ ಕೈಯಲ್ಲಿ 39 ಕೋಟಿಗೂ ಹೆಚ್ಚು ಬಂದೂಕುಗಳಿವೆ. ಅದು ಇಲ್ಲಿನ ಜನಸಂಖ್ಯೆಗಿಂತ ಜಾಸ್ತಿ. ಹಾಗಾಗಿ ಪಕ್ಕದ ಮನೆಯಲ್ಲಿ ಗನ್ ಇರಬಹುದು ಅಂತಲೇ ಅಂದುಕೊಂಡು ಬನ್ನಿ. ನಿಮ್ಮ ಮಗು ಆಟಕ್ಕೆ ಹೋಗುವ ಮನೆಯಲ್ಲಿ ಅದಕ್ಕೆ ಬೀಗ ಹಾಕಿದ್ದಾರಾ ಅಂತ ಕೇಳಿ ತಿಳಿದುಕೊಳ್ಳಿ.

ಕೇಳೋಕೆ ನಮ್ಮವರಿಗೆ ಸಂಕೋಚ. ಅದು ನನಗೂ ಗೊತ್ತು. ಅವರ ಮನೆ ವಿಷಯ ನಮಗ್ಯಾಕೆ, ಅವರು ಬೇಜಾರು ಮಾಡಿಕೊಂಡರೆ ಅಂತ ಸುಮ್ಮನಾಗುತ್ತೇವೆ. ಆದರೆ ಇಲ್ಲಿ ಮಕ್ಕಳ ಡಾಕ್ಟರೇ ಇದನ್ನು ಕೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ತಂದೆತಾಯಿಗೆ ಕೊಡುವ ಸಲಹೆಯೂ ಇದೇ. ನಾನು ಬೇರೆ ವಿಷಯಗಳ ಜೊತೆಯಲ್ಲೇ ಕೇಳಿಬಿಡುತ್ತೇನೆ. "ನಮ್ಮ ಹುಡುಗನಿಗೆ ಕಡಲೆಕಾಯಿ ಆಗಲ್ಲ. ನಿಮ್ಮಲ್ಲಿ ನಾಯಿ ಇದೆಯಾ? ಸ್ವಿಮ್ಮಿಂಗ್ ಪೂಲ್‌ಗೆ ಬೇಲಿ ಇದೆಯಾ? ಮನೆಯಲ್ಲಿ ಗನ್ ಇದ್ದರೆ ಲಾಕ್ ಆಗಿದೆಯಾ?" ಅಷ್ಟೇ. ಹೆಚ್ಚಿನವರು ಸಲೀಸಾಗಿ ಉತ್ತರ ಕೊಡುತ್ತಾರೆ. ಕೆಲವರು ಸೇಫ್ ಎಲ್ಲಿದೆ ಅಂತ ತೋರಿಸುತ್ತಾರೆ. ಉತ್ತರ ಹಾರಿಸಿದರೆ "ಈ ಸಲ ನಿಮ್ಮ ಮಗುವನ್ನೇ ನಮ್ಮಲ್ಲಿಗೆ ಕಳಿಸಿ" ಅನ್ನಿ. ಜಗಳದ ಮಾತೇ ಬರುವುದಿಲ್ಲ. ಈ ಪ್ರಶ್ನೆಯನ್ನು ನಮ್ಮ ಕನ್ನಡದವರ ಮನೆಯಲ್ಲೂ ಕೇಳಿ. ನಮ್ಮವರಲ್ಲೂ ಈಗ ಗನ್ ಇಟ್ಟವರು ಇದ್ದಾರೆ.

ನಾನು ಬಂದೂಕು ಅಂದರೆ ಬೆಚ್ಚಿಬೀಳುವ ಮನೆಯಿಂದ ಬಂದಿಲ್ಲ. ನಮ್ಮದು ಕೊಪ್ಪದ ಕಡೆ. ತೋಟದ ಮನೆಗಳಲ್ಲಿ ಕೋವಿ ಇರುವುದು ಮಾಮೂಲು. ಹಂದಿ, ಮಂಗ ಓಡಿಸೋಕೆ ಒಂದು ಈಡು ಹೊಡೆಯುತ್ತಿದ್ದರು. ಅದಕ್ಕೆ ಲೈಸೆನ್ಸು, ಅದರ ನವೀಕರಣ, ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಚೀಟಿ ತರುವುದು, ಇದೆಲ್ಲ ಇತ್ತು. ಕೊಡಗಿನ ಸ್ನೇಹಿತರ ಕಥೆ ಬೇರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿ ಕೋವಿಗೆ ಮನೆತನದ ಮರ್ಯಾದೆ ಇದೆ. ಹಾಗಾಗಿ ಗನ್ ಇಟ್ಟುಕೊಂಡವರನ್ನೆಲ್ಲ ಕೆಟ್ಟವರು ಅನ್ನೋದು ನನ್ನಿಂದ ಆಗದು.

ಇಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ಹಳೆಯ ರೈಫಲ್‌ಗಳನ್ನು ಕೂಡಿಡುತ್ತಾರೆ. ಎರಡನೇ ಮಹಾಯುದ್ಧದ ಎಂ1 ಗ್ಯಾರಂಡ್ ಇದೆ, ಲಿವರ್ ಎಳೆದು ಹೊಡೆಯುವ ವಿಂಚೆಸ್ಟರ್ ಇದೆ. ನನ್ನನ್ನು ಕರೆದು ತೋರಿಸಿದ್ದು ಮಾತ್ರ ಒಂದು ಇಶಾಪುರ್ ರೈಫಲ್. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾಗಿ, ಆಮೇಲೆ ಹಳೆ ಸರಕಾಗಿ ಅಮೆರಿಕಕ್ಕೆ ಬಂದಂಥದ್ದು. 50 ವರ್ಷ ದಾಟಿದ ಬಂದೂಕುಗಳನ್ನು ಸಂಗ್ರಹಿಸುವವರಿಗೆ ಇಲ್ಲಿ ಬೇರೆ ಲೈಸೆನ್ಸೇ ಇದೆ. ಭಾರತದಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಟೆಕ್ಸಸ್‌ನಲ್ಲಿ ಲೆಕ್ಕಕ್ಕೆ ಮಿತಿಯೇ ಇಲ್ಲ. ಆದರೂ ನಮ್ಮ ಮಕ್ಕಳು ಅವರ ಮನೆಗೆ ಹೋದರೆ ನನಗೆ ಭಯವಿಲ್ಲ. ಎಲ್ಲ ಬಂದೂಕು ಕಬ್ಬಿಣದ ಸೇಫ್‌ನಲ್ಲಿವೆ, ಗುಂಡುಗಳಿಗೆ ಬೇರೆ ಬೀಗ. ನನಗೆ ಭಯ ಹುಟ್ಟಿಸುವುದು ಮಂಚದ ಪಕ್ಕದ ಡ್ರಾಯರ್‌ನಲ್ಲಿ ತುಂಬಿಸಿಟ್ಟ ಒಂದೇ ಒಂದು ಪಿಸ್ತೂಲು. ದೊಡ್ಡವರು ಮುಚ್ಚಿಟ್ಟದ್ದು ಎಲ್ಲಿದೆ ಅಂತ ಮಕ್ಕಳಿಗೆ ಗೊತ್ತಿರುತ್ತದೆ, ಅಲ್ವಾ?

ಈಗ ವೀಸಾದವರಿಗೆ ಒಂದು ಮುಖ್ಯ ಮಾತು. ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಸಂಗಾತಿ, ಮಕ್ಕಳ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ), ಪ್ರವಾಸಿ ವೀಸಾ ಇವುಗಳಲ್ಲಿ ಇರುವವರು ಗನ್ ಆಗಲಿ ಗುಂಡಾಗಲಿ ಹೊಂದುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಹಾಗೂ ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ಫೋಟೋ ಹೊಡೆಸಿಕೊಳ್ಳುವುದೂ ಇದರಲ್ಲಿ ಸೇರುತ್ತದೆ. ಆಫೀಸಿನವರು ಕರೆದರು ಅಂತ ಹೋಗಬೇಡಿ. ಗ್ರೀನ್ ಕಾರ್ಡ್ (ಇಲ್ಲಿ ಕಾಯಂ ಇರುವ ಅನುಮತಿ) ಇದ್ದವರು ಕೊಳ್ಳಬಹುದು. ಆದರೆ ಗನ್ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡಿಪಾರು ಮಾಡಬಹುದು. ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್, ಇನ್ನೊಬ್ಬರಿಗೆ ವೀಸಾ ಇದ್ದರೆ, ಅಥವಾ ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಸೇಫಿನ ಕೀಲಿ ವೀಸಾದಲ್ಲಿ ಇರುವವರ ಕೈಗೆ ಸಿಗಬಾರದು. ಅನುಮಾನ ಇದ್ದರೆ ವಕೀಲರನ್ನು ಕೇಳಿ.

"ನಮ್ಮವರ ಮನೆಯಲ್ಲಿ ಚಿನ್ನ ಇರುತ್ತೆ ಅಂತಲೇ ಕಳ್ಳರು ಬರ್ತಾರೆ, ಗನ್ ಬೇಡ್ವಾ?" ಅಂತ ಒಬ್ಬರು ಕೇಳಿದ್ದಾರೆ. ಚಿನ್ನಕ್ಕಾಗಿ ಭಾರತೀಯರ ಮನೆಗಳನ್ನೇ ಹುಡುಕಿ ಕನ್ನ ಹಾಕಿದ್ದು ನಿಜ. ಅವರ ಆತಂಕವನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಆ ಕಳ್ಳರು ಕಾಯುವುದು ನಾವು ಮನೆಯಲ್ಲಿ ಇಲ್ಲದ ಹೊತ್ತಿಗೆ. ಆಗ ಡ್ರಾಯರ್‌ನಲ್ಲಿರುವ ಗನ್ ಕೂಡ ಬಳೆಯ ಜೊತೆ ಕಳ್ಳನ ಪಾಲಾಗುತ್ತದೆ. ಚಿನ್ನ ಬ್ಯಾಂಕ್ ಲಾಕರ್‌ನಲ್ಲಿ ಇಡಿ, ಮನೆಗೆ ಅಲಾರಂ ಹಾಕಿಸಿ.

ಇನ್ನೊಂದು ವಿಷಯವನ್ನು ನಮ್ಮ ಕೂಟಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕು. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅದರಲ್ಲಿ 26,328 ಆತ್ಮಹತ್ಯೆಗಳು. ನಮ್ಮ ಮನೆಗಳಲ್ಲಿ ಅಂಕ, ಕಾಲೇಜು ಅಂತ ಮಕ್ಕಳ ಮೇಲೆ ಎಷ್ಟು ಒತ್ತಡ ಹಾಕುತ್ತೇವೆ ಅನ್ನುವುದು ನಮಗೆಲ್ಲ ಗೊತ್ತು. ಹದಿಹರೆಯದ ಮಗು ಕುಗ್ಗಿಹೋದ ದಿನ ಕೈಗೆಟುಕುವ ಹಾಗೆ ಗನ್ ಇದ್ದರೆ, ಮನಸ್ಸು ಬದಲಾಯಿಸುವಷ್ಟು ಹೊತ್ತು ಕೂಡ ಸಿಗುವುದಿಲ್ಲ. ಮನೆಯಲ್ಲಿ ಅಂಥ ಮಗು ಇದ್ದರೆ ಗನ್ ಅನ್ನು ಮನೆಯಿಂದಲೇ ಆಚೆ ಕಳಿಸಿ. ಮಾತಾಡೋಕೆ ಯಾರಾದರೂ ಬೇಕು ಅನ್ನಿಸಿದರೆ 988 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಗನ್ ಕಾನೂನಿನ ಬಗ್ಗೆ ನನ್ನ ನಿಲುವನ್ನೂ ಹೇಳಿಬಿಡುತ್ತೇನೆ. ಉವಾಲ್ಡೆ ಅನ್ನುವ ಊರು ಇರುವುದು ನಮ್ಮ ಟೆಕ್ಸಸ್‌ನಲ್ಲೇ. 2022ರ ಮೇ 24ರಂದು ಅಲ್ಲಿನ ಶಾಲೆಯಲ್ಲಿ 19 ಮಕ್ಕಳನ್ನು, 2 ಟೀಚರ್‌ಗಳನ್ನು ಕೊಂದವನಿಗೆ 18 ವರ್ಷ. ರೈಫಲ್‌ಗಳನ್ನು ಅವನು ಕಾನೂನು ಪ್ರಕಾರವೇ ಅಂಗಡಿಯಿಂದ ಕೊಂಡಿದ್ದ. ಆಮೇಲೆ ಬಂದ ಕೇಂದ್ರ ಕಾನೂನು 21ರೊಳಗಿನವರ ಹಿನ್ನೆಲೆಯನ್ನು ಇನ್ನಷ್ಟು ಪರೀಕ್ಷಿಸಬೇಕು ಅಂದಿತು, ಆದರೆ ರೈಫಲ್ ಕೊಳ್ಳುವ ವಯಸ್ಸನ್ನು ಏರಿಸಲಿಲ್ಲ. ಅದು 21 ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಪಿಸ್ತೂಲು ಮಾರುವ ಅಂಗಡಿಯವರಿಗೆ 1968ರಲ್ಲೇ 21ರ ನಿಯಮ ಬಂತಲ್ಲ. ಖಾಸಗಿಯಾಗಿ ಒಬ್ಬರಿಂದ ಒಬ್ಬರಿಗೆ ಮಾರುವಾಗಲೂ ಹಿನ್ನೆಲೆ ಪರೀಕ್ಷೆ ಆಗಬೇಕು. ಟೆಕ್ಸಸ್‌ನಲ್ಲಿ ಈಗ ಅದು ಕಡ್ಡಾಯವಲ್ಲ. ಎಲ್ಲರ ಗನ್ ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಸಂವಿಧಾನದ ಎರಡನೇ ತಿದ್ದುಪಡಿಯೇ ಗನ್ ಇಟ್ಟುಕೊಳ್ಳುವ ಹಕ್ಕು ಕೊಟ್ಟಿರುವ ಈ ನೆಲದಲ್ಲಿ ಅದು ಆಗುವುದೂ ಇಲ್ಲ. ಸಿಟಿಜನ್ ಆದವರು ವೋಟು ಹಾಕುವಾಗ ಅಭ್ಯರ್ಥಿಯನ್ನು ಈ ಎರಡರ ಬಗ್ಗೆ ಕೇಳಿ.

ಹೆತ್ತವರ ಹೊಣೆಯನ್ನು ಕೋರ್ಟುಗಳೂ ಈಗ ಎತ್ತಿ ಹೇಳುತ್ತಿವೆ. ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲ್‌ನಲ್ಲಿ 2021ರಲ್ಲಿ 15 ವರ್ಷದ ಹುಡುಗ ನಾಲ್ವರನ್ನು ಕೊಂದ. ಗನ್ ಅವನ ಅಪ್ಪ ಕೊಂಡದ್ದು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಜೈಲಾಯಿತು. ಟೆಕ್ಸಸ್‌ನಲ್ಲೂ ಅಷ್ಟೇ, ನಿರ್ಲಕ್ಷ್ಯದಿಂದ ಇಟ್ಟ ತುಂಬಿದ ಗನ್ 17ರೊಳಗಿನ ಮಗುವಿನ ಕೈಗೆ ಸಿಕ್ಕರೆ ಇಟ್ಟವರ ಮೇಲೆ ಕೇಸು.

ಬೀಗಕ್ಕೆ ದುಡ್ಡು ಬೇಕಾಗಿಲ್ಲ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಅನ್ನುವ ಯೋಜನೆಯಲ್ಲಿ ಎಷ್ಟೋ ಊರುಗಳ ಪೊಲೀಸ್ ಠಾಣೆಗಳು ಕೇಬಲ್ ಲಾಕ್‌ಗಳನ್ನು ಪುಕ್ಕಟೆ ಕೊಡುತ್ತವೆ. ನಮ್ಮ ಯುಗಾದಿ ಕಾರ್ಯಕ್ರಮಕ್ಕೆ ಠಾಣೆಯವರನ್ನು ಕರೆದು ಒಂದು ಮೇಜು ಹಾಕಿಸೋಣ ಅಂತ ಕನ್ನಡ ಸಂಘದವರಿಗೆ ಹೇಳಿದ್ದೇನೆ. ಬೆಂಬಲಿಸುವವರು ಅವರಿಗೆ ಒಂದು ಮಾತು ಹೇಳಿ. ಯಾರ ಮನೆಯಲ್ಲಿ ಗನ್ ಇದೆ ಅಂತ ಯಾರೂ ಕೇಳುವುದಿಲ್ಲ, ಬೀಗ ತೆಗೆದುಕೊಂಡು ಹೋಗಬಹುದು.