ಕೊಡಗಿನಲ್ಲಿ ನರ್ಸಿಂಗ್ ಓದು: ಬಿಎಸ್ಸಿಯೋ ಜಿಎನ್‌ಎಮ್ಮೋ, ಊರಲ್ಲೇ ಕೆಲಸ ಸಿಗುತ್ತದೆಯೇ?

ಪ್ರಶ್ನೆ (ಸೋಮವಾರಪೇಟೆ ಕಡೆಯ ತಾಯಿ): ಮಗಳು ದ್ವಿತೀಯ ಪಿಯುನಲ್ಲಿ ಪಿಸಿಎಂಬಿ ಓದುತ್ತಿದ್ದಾಳೆ, ನರ್ಸಿಂಗ್‌ಗೇ ಹೋಗಬೇಕೆಂಬ ಹಟ. ಬಿಎಸ್ಸಿ ಪದವಿಗೆ 4 ವರ್ಷ, ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ 3. ಒಂದು ವರ್ಷದ ಖರ್ಚು ಉಳಿಯುತ್ತದಲ್ಲ ಎನ್ನುತ್ತಾರೆ ಯಜಮಾನರು. ಓದಾದ ಮೇಲೆ ಮಡಿಕೇರಿ, ಕುಶಾಲನಗರದ ಸುತ್ತಲೇ ಕೆಲಸ ಸಿಗಬಹುದಾ?

ಉತ್ತರ (ನರ್ಸಿಂಗ್ ಬೋಧಕಿ): ಅಕ್ಕ, ಕೈಯಲ್ಲಿ ಪಿಸಿಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ) ಇರುವಾಗ ಜಿಎನ್‌ಎಂಗೆ ಇಳಿಸಬೇಡಿ. ಕಲಾ, ವಾಣಿಜ್ಯ ಓದಿದವರಿಗೆ ಬಿಎಸ್ಸಿ ಬಾಗಿಲು ಮುಚ್ಚಿರುತ್ತದೆ, ಅವರಿಗೆ ಜಿಎನ್‌ಎಂ ಒಳ್ಳೆಯ ದಾರಿ. ನಿಮ್ಮ ಮಗಳ ಮಾತು ಬೇರೆ. ಜಿಎನ್‌ಎಂ ಮಾಡಿದವರು ಮುಂದೆ ಪದವಿ ಬೇಕೆಂದರೆ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಮತ್ತೆ 2 ವರ್ಷ ಕೊಡಬೇಕು. ಹಾಗಾಗಿ ಈಗ ಉಳಿಸಿದ ಒಂದು ವರ್ಷ ಆಮೇಲೆ ಎರಡಾಗಿ ಹೋಗುತ್ತದೆ.

ಬಿಎಸ್ಸಿಗೆ ಪಿಯುನಲ್ಲಿ ಇಂಗ್ಲಿಷ್ ಓದಿರಬೇಕು, ಪಿಸಿಬಿಯಲ್ಲಿ ಶೇ. 45 (ಎಸ್‌ಸಿ, ಎಸ್‌ಟಿಗೆ ಶೇ. 40) ಬರಬೇಕು, ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಸರ್ಕಾರಿ ಕೋಟಾದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಬರುವುದರಿಂದ ಸಿಇಟಿ ಅರ್ಜಿಯಲ್ಲಿ ನರ್ಸಿಂಗ್ ಬಿಟ್ಟುಹೋಗದಂತೆ ನೋಡಿಕೊಳ್ಳಿ. 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿಯ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಈಗಲೇ ಹಾಕಿಸಿಡಿ. ಮಳೆಗಾಲದಲ್ಲಿ ರಸ್ತೆ ಕುಸಿದು ಕೂತಾಗ ಕಚೇರಿಗೆ ಓಡಾಡುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತು.

ಇನ್ನು ಊರಿನ ಕೆಲಸ. ಇಲ್ಲಿ ದೊಡ್ಡದೆಂದರೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಅದಕ್ಕೆ ಸೇರಿದ ಜಿಲ್ಲಾ ಆಸ್ಪತ್ರೆ. ಆಮೇಲೆ ವಿರಾಜಪೇಟೆ, ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆಗಳು, ಸಮುದಾಯ ಆರೋಗ್ಯ ಕೇಂದ್ರಗಳು, ಪಿಎಚ್‌ಸಿಗಳು. ಖಾಸಗಿಯವು ಹೆಚ್ಚಿನವು ಚಿಕ್ಕವು. ಕಾಯಂ ಶುಶ್ರೂಷಾಧಿಕಾರಿ (ಸ್ಟಾಫ್ ನರ್ಸ್) ಹುದ್ದೆಗೆ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಬಂದಾಗಲೂ ಕೊಡಗೇ ಸಿಗುತ್ತದೆ ಎನ್ನುವ ಖಾತ್ರಿ ಇಲ್ಲ.

ಊರಲ್ಲೇ ಇರಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಸಮುದಾಯ ಆರೋಗ್ಯಾಧಿಕಾರಿ, ಅಂದರೆ ಸಿಎಚ್‌ಒ ಹುದ್ದೆ. ಕೆಲಸ ಉಪಕೇಂದ್ರದಲ್ಲಿ: ಬಿಪಿ, ಶುಗರ್ ತಪಾಸಣೆ, ಗರ್ಭಿಣಿಯರ ಆರೈಕೆ, ಔಷಧಿ ವಿತರಣೆ, ಜೇನುಕುರುಬ, ಯರವ ಹಾಡಿಗಳಿಗೂ ತೋಟದ ಕಾರ್ಮಿಕರ ಲೈನ್‌ಮನೆಗಳಿಗೂ ಭೇಟಿ. ಇದಕ್ಕೆ ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬಿಎಸ್ಸಿ ಕೇಳುತ್ತಾರೆ. ಹಳೆಯ ಪಠ್ಯಕ್ರಮದವರು 6 ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಕೋರ್ಸನ್ನೂ ಮಾಡಿರಬೇಕು, 2021ರ ಪಠ್ಯಕ್ರಮದಲ್ಲಿ ಅದು ಬಿಎಸ್ಸಿಯೊಳಗೇ ಸೇರಿದೆ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆಯ ಕೆಲಸ ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ (ಅದೇ ತಾಯಿ): ಥ್ಯಾಂಕ್ಸ್ ಮೇಡಂ. ಕಾಲೇಜು ಹೇಗೆ ಆರಿಸುವುದು? ಏಜೆಂಟ್ ಒಬ್ಬರು ಬೆಂಗಳೂರಿನಲ್ಲಿ ಸೀಟು ಗ್ಯಾರಂಟಿ ಅನ್ನುತ್ತಿದ್ದಾರೆ, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಕೇಳುತ್ತಿದ್ದಾರೆ.

ಉತ್ತರ (ನರ್ಸಿಂಗ್ ಬೋಧಕಿ): ಏಜೆಂಟ್ ಕೈಗೆ ಒರಿಜಿನಲ್ ಕೊಡಲೇಬೇಡಿ ಅಕ್ಕ. ಬೇರೆ ಕಡೆ ಸೀಟು ಸಿಕ್ಕಿದಾಗ ಅದನ್ನು ಬಿಡಿಸಿಕೊಳ್ಳಲು ದುಡ್ಡು ಕಟ್ಟಿ ಅತ್ತವರು ಬಹಳ ಜನ.

ಕಾಲೇಜಿನ ಕಟ್ಟಡ ನೋಡಿ ಮರುಳಾಗದೆ ಆಸ್ಪತ್ರೆ ನೋಡಿ. ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ 3 ರೋಗಿಗಳು ಇರಬೇಕು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಅಳತೆ. 40 ಮಕ್ಕಳು ಒಟ್ಟಿಗೆ ಡ್ಯೂಟಿಗೆ ಹೋದರೆ 120 ರೋಗಿಗಳು ಬೇಕು, ಖಾಲಿ ಹಾಸಿಗೆ ಲೆಕ್ಕಕ್ಕಿಲ್ಲ. ಬೆಳಿಗ್ಗೆ 10ರ ಹೊತ್ತಿಗೆ ಹೋಗಿ ಹೆರಿಗೆ ವಾರ್ಡ್, ಐಸಿಯು, ಮಕ್ಕಳ ವಾರ್ಡಿನಲ್ಲಿ ಎಷ್ಟು ಜನ ಮಲಗಿದ್ದಾರೆಂದು ಕಣ್ಣಾರೆ ನೋಡಿ. ಮೂರನೇ, ನಾಲ್ಕನೇ ವರ್ಷದ ಹುಡುಗಿಯರನ್ನು ಹಾಸ್ಟೆಲ್ ಗೇಟಿನ ಹತ್ತಿರ ಮಾತಾಡಿಸಿ: ‘ಹೆರಿಗೆ ಕೇಸ್ ಎಲ್ಲಿ ಸಿಗುತ್ತದಮ್ಮ?’ ರೋಗಿಗಳಿಲ್ಲದ ಕಡೆ, ನೋಡಿದ ಕೇಸ್‌ಗಳನ್ನು ಬರೆಯುವ ಕೇಸ್ ಬುಕ್ ಕಾಗದದಲ್ಲಷ್ಟೇ ತುಂಬುತ್ತದೆ, ಮುಂದೆ ರಕ್ತನಾಳಕ್ಕೆ ಕ್ಯಾನುಲಾ ಹಾಕಲು ಕೈ ನಡುಗುತ್ತದೆ.

ಕಾಗದದ ಕಡೆ ಮೂರು ಹೆಸರು ನೋಡಿ: ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ, ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿ. ಮೂರನೆಯದು ಇಲ್ಲದಿದ್ದರೆ ಕೇರಳಕ್ಕೋ ವಿದೇಶಕ್ಕೋ ಹೋಗುವಾಗ ನೋಂದಣಿಗೆ ತೊಡಕಾಗಬಹುದು. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕೇರಳದ ಕಣ್ಣೂರು ಜಿಲ್ಲೆಯಲ್ಲವೇ, ಅದಕ್ಕೇ ಹೇಳಿದೆ.

ಫೀಸು ಕೇಳುವಾಗ ಟ್ಯೂಷನ್ ಫೀ ಮಾತ್ರ ಕೇಳಿ ಬರಬೇಡಿ. ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ, ಕ್ಲಿನಿಕಲ್ ಪೋಸ್ಟಿಂಗ್‌ನ ಬಸ್ ಎಲ್ಲ ಸೇರಿಸಿ 4 ವರ್ಷದ ಮೊತ್ತ ಬರಹದಲ್ಲಿ ಕೊಡಲಿ. ಬ್ಯಾಂಕ್ ಸಾಲಕ್ಕೂ ಆ ಪತ್ರವೇ ಬೇಕು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. 4 ಲಕ್ಷದವರೆಗಿನ ಸಾಲಕ್ಕೆ ತೋಟದ ಪತ್ರ ಅಡವಿಡುವ ಅಗತ್ಯವಿಲ್ಲ.

ಪ್ರಶ್ನೆ (ಪೊನ್ನಂಪೇಟೆಯಿಂದ ಒಬ್ಬರು): ನನ್ನ ತಂಗಿ ಜಿಎನ್‌ಎಂ ಮುಗಿಸಿದ್ದಾಳೆ. ಮನೆ ಹತ್ತಿರದ 20 ಹಾಸಿಗೆಯ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಸಿಕ್ಕಿದೆ. ಸೇರಬಹುದಾ?

ಉತ್ತರ (ಶುಶ್ರೂಷಾಧಿಕಾರಿ, ಮೈಸೂರು): ಸರ್, ಆತುರ ಬೇಡ. ಏಮ್ಸ್ ಶುಶ್ರೂಷಾಧಿಕಾರಿ ಹುದ್ದೆಗಳ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ನೇರವಾಗಿ ಕೂರಬಹುದು. ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. 20 ಹಾಸಿಗೆಯ ಕಡೆ ಎಷ್ಟೇ ಕಷ್ಟಪಟ್ಟು ದುಡಿದರೂ ಅದಕ್ಕೆ ಎಣಿಕೆಯಾಗುವುದಿಲ್ಲ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30, ಅದು ಕಾಯುವುದಿಲ್ಲ.

ಮೈಸೂರು ಅಥವಾ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ ಕಳೆದು ಬರಲಿ. ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಯಾವುದಾದರೂ ಒಂದರಲ್ಲಿ ಕೈ ಪಳಗಿದವರನ್ನು ಕೊಡಗಿನ ಚಿಕ್ಕ ಆಸ್ಪತ್ರೆಗಳೂ ಮರ್ಯಾದೆಯಿಂದ ಕರೆಯುತ್ತವೆ, ಸಂಬಳದ ಮಾತಾಡಲು ಧೈರ್ಯವಿರುತ್ತದೆ. ಸೇರುವ ಮೊದಲು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು, ಅದಕ್ಕೆ ಮುಂಚಿನ ದುಡಿಮೆ ಅನುಭವವೆಂದು ನಿಲ್ಲುವುದಿಲ್ಲ. ನೇಮಕಾತಿ ಪತ್ರದಲ್ಲಿ ಹುದ್ದೆ, ಸಂಬಳ, ಬಾಂಡ್ ಇದ್ದರೆ ಅದರ ಅವಧಿ ಬರೆದಿರಲಿ. ಬಿಡುವಾಗ ಪಡೆಯುವ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ವಿಭಾಗ, ಹಾಸಿಗೆಗಳ ಸಂಖ್ಯೆ ನಾಲ್ಕೂ ಇರಲೇಬೇಕು. ಹಾಸಿಗೆ ಸಂಖ್ಯೆ ಬರೆಯದ ಪತ್ರ ಹಿಡಿದು ದಾಖಲೆ ಪರಿಶೀಲನೆಗೆ ಹೋದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಮನೆಯ ಪರಿಸ್ಥಿತಿಯಿಂದ ಊರು ಬಿಡಲಾಗದಿದ್ದರೆ ಆ ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಪಾಳಿಗೆ ಎಷ್ಟು ಜನ ನರ್ಸ್ ಇರುತ್ತಾರೆ, ಡಾಕ್ಟರ್ ಒಳಗೇ ಇರುತ್ತಾರಾ ಎಂದು ಕೇಳಿ. ಹೊಸ ಹುಡುಗಿಯೊಬ್ಬಳನ್ನೇ ರಾತ್ರಿಯಿಡೀ ಬಿಡುತ್ತಾರೆ, ಡಾಕ್ಟರ್ ಫೋನಿನಲ್ಲಿ ಸಿಗುತ್ತಾರೆ ಎಂದರೆ ಬೇಡ ಅನ್ನಿ. ರೋಗಿಗೆ ಏನಾದರೂ ಆದರೆ ದಾಖಲೆಯಲ್ಲಿ ಇರುವುದು ಅವಳ ಸಹಿ.