ಬ್ರೋಕರ್ ಇಲ್ಲದೆ ಶೇರನ್ನು ಒಬ್ಬರಿಗೊಬ್ಬರು ನೇರವಾಗಿ ಮಾರಿಕೊಳ್ಳಬಹುದಾ?

ಸಿಂಧನೂರು_ಸೋನಾ:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಪೆದ್ದು ಅನ್ನಿಸಿದರೆ ಬೈಯಬೇಡಿ. 2024ರ ಜೂನ್ 4, ಎಲೆಕ್ಷನ್ ರಿಸಲ್ಟ್ ದಿನ ನೆನಪಿದೆ ಅಲ್ವಾ? ಸೆನ್ಸೆಕ್ಸ್ ನಾಲ್ಕು ಸಾವಿರ ಪಾಯಿಂಟ್‌ಗಿಂತ ಜಾಸ್ತಿ ಬಿದ್ದಿತ್ತು. ಅವತ್ತು ಬೆಳಿಗ್ಗೆ ನನ್ನ ಬ್ರೋಕರ್ ಆ್ಯಪ್ ಸುಮ್ನೆ ಗುಂಡಗೆ ತಿರುಗುತ್ತಾ ಕೂತುಬಿಟ್ಟಿತು. ಯಾವ ಆ್ಯಪ್ ಅಂತ ಕೇಳಬೇಡಿ. ಹಾಗೇ ಒಗ್ಗರಣೆ ಮಿರ್ಚಿ ತಿನ್ನೋಣ ಅಂತ ಹೋಟೆಲಿಗೆ ಹೋದರೆ ಅಲ್ಲಿ ಗೆಳೆಯ ಸಿಕ್ಕ. ನಾನು ಮಾರಬೇಕು ಅಂತಿದ್ದ ಶೇರೇ ಅವನಿಗೆ ಬೇಕಾಗಿತ್ತು! ನಲವತ್ತೇ ಶೇರು. ಇಬ್ಬರ ನಡುವೆ ಇದ್ದದ್ದು ಎರಡು ಪ್ಲೇಟ್ ಮಿರ್ಚಿ. ಆದರೂ ವ್ಯವಹಾರ ಮುಂಬೈಗೆ ಹೋಗಿ ಬರಬೇಕು.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಹೇಳುತ್ತಾನೆ, ಬ್ಲಾಕ್‌ಚೈನ್ (ಒಂದೇ ಲೆಕ್ಕದ ಪುಸ್ತಕವನ್ನು ಹಲವರ ಕಂಪ್ಯೂಟರಿನಲ್ಲಿ ಇಡುವ ವ್ಯವಸ್ಥೆ) ಬಂದಮೇಲೆ ಬ್ರೋಕರ್, ಎಕ್ಸ್‌ಚೇಂಜ್, ನಮ್ಮ ಶೇರಿನ ಲೆಕ್ಕ ಇಡುವ ಡಿಪಾಸಿಟರಿ ಯಾವುದೂ ಬೇಡ, ಮೊಬೈಲಿಂದ ಮೊಬೈಲಿಗೆ ಶೇರು ಕಳಿಸಬಹುದು ಅಂತ. ನಿಜಾನಾ? ನಿಜ ಇದ್ದರೆ ಇನ್ನೂ ಯಾಕೆ ಬಂದಿಲ್ಲ?

ಡೀಮ್ಯಾಟ್_ಕೌಂಟರ್ (ಬಳ್ಳಾರಿ):
ಬ್ಲಾಕ್‌ಚೈನ್ ಆಮೇಲೆ ನೋಡೋಣ ಸರ್. ನಿಮ್ಮ ನಲವತ್ತು ಶೇರನ್ನು ಗೆಳೆಯನಿಗೆ ನೇರವಾಗಿ ಕೊಡಲು ಇವತ್ತೇ ದಾರಿ ಇದೆ. ಅದಕ್ಕೆ ಆಫ್-ಮಾರ್ಕೆಟ್ ಟ್ರಾನ್ಸ್‌ಫರ್ ಅನ್ನುತ್ತಾರೆ. ನಾನು ಕೂರುವ ಕೌಂಟರಿನಲ್ಲಿ ವಾರಕ್ಕೆ ಒಂದೆರಡು ಬರುತ್ತವೆ, ಜಾಸ್ತಿ ಅಪ್ಪ ಮಗಳಿಗೆ ಗಿಫ್ಟ್ ಕೊಡುವಂಥವು. ಚೆಕ್ ಪುಸ್ತಕದ ಥರ ಒಂದು ಸ್ಲಿಪ್ ಪುಸ್ತಕ ಇರುತ್ತದೆ, ಡಿಐಎಸ್ ಅಂತ. ಅದರಲ್ಲಿ ಐಎನ್‌ಇ ಅಂತ ಶುರುವಾಗುವ ಹನ್ನೆರಡು ಅಕ್ಷರದ ಐಎಸ್ಐಎನ್ ನಂಬರ್ (ಯಾವ ಶೇರು ಅಂತ ಗುರುತಿಸುವುದು), ಎಷ್ಟು ಶೇರು, ಗೆಳೆಯನ ಡೀಮ್ಯಾಟ್ ಅಂದರೆ ಶೇರು ಇಡುವ ಖಾತೆಯ ನಂಬರ್, ಯಾಕೆ ಕೊಡುತ್ತಿದ್ದೀರಿ, ಎಷ್ಟು ದುಡ್ಡಿಗೆ, ಇಷ್ಟು ಬರೆದು ಸಹಿ ಹಾಕಬೇಕು. ಸಹಿ ಹಾಕುವಾಗ ಮಾತ್ರ ಹುಷಾರು. ಖಾತೆ ತೆರೆದಾಗ ಪೂರ್ತಿ ಹೆಸರು ಬರೆದು ಈಗ ಬರೀ ಗೀಟು ಎಳೆದರೆ ಸ್ಲಿಪ್ ವಾಪಸ್. ಸ್ಟಾಂಪ್ ಡ್ಯೂಟಿ 0.015 ಪರ್ಸೆಂಟ್, ಲಕ್ಷಕ್ಕೆ ಹದಿನೈದು ರೂಪಾಯಿ.

ಆದರೆ ಎರಡು ತೊಡಕು ಇವೆ. ಎಕ್ಸ್‌ಚೇಂಜಿನಲ್ಲಿ ಮಾರದಿದ್ದರೆ ಎಸ್‌ಟಿಟಿ, ಅಂದರೆ ಶೇರು ವ್ಯವಹಾರದ ತೆರಿಗೆ, ಕಟ್ಟಿದ ಹಾಗಾಗುವುದಿಲ್ಲ. ಹಾಗಾಗಿ ವರ್ಷ ದಾಟಿದ ಶೇರಿನ ಲಾಭಕ್ಕೆ ಸಿಗುವ 1.25 ಲಕ್ಷದ ವಿನಾಯಿತಿ ಇಲ್ಲಿ ಸಿಗಲ್ಲ. ಇನ್ನೊಂದು, 1956ರ ಸೆಕ್ಯುರಿಟೀಸ್ ಕಾಂಟ್ರಾಕ್ಟ್ ಕಾಯ್ದೆ. ಎಕ್ಸ್‌ಚೇಂಜಿನ ಹೊರಗೆ ಮಾಡುವ ವ್ಯವಹಾರ ಸ್ಪಾಟ್ ಡೆಲಿವರಿ ಆಗಿರಬೇಕು. ಅಂದರೆ ದುಡ್ಡು, ಶೇರು ಎರಡೂ ಅವತ್ತೇ ಅಥವಾ ಮಾರನೇ ದಿನ ಕೈ ಬದಲಾಗಬೇಕು. "ಯುಗಾದಿಗೆ ಕೊಡ್ತೀನಿ" ನಡೆಯಲ್ಲ.

ಕೊಪ್ಪಳ_ಕೋಡರ್:
ಕೌಂಟರ್ ಸರ್ ಹೇಳಿದ್ದರಲ್ಲಿ ಒಂದು ತೂತಿದೆ. ಸ್ಲಿಪ್ ಕೊಟ್ಟಮೇಲೆ ಗೆಳೆಯ ದುಡ್ಡು ಹಾಕದಿದ್ದರೆ? ಬ್ಲಾಕ್‌ಚೈನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಸ್ಮಾರ್ಟ್ ಕಾಂಟ್ರಾಕ್ಟಿನಲ್ಲಿ (ಚೈನಿನ ಮೇಲೆ ತಾನೇ ನಡೆಯುವ ಕರಾರಿನ ಕೋಡ್) ಶೇರು ಹೋಗುವುದು, ದುಡ್ಡು ಬರುವುದು ಎರಡೂ ಒಂದೇ ಏಟಿಗೆ ಆಗುತ್ತವೆ, ಇಲ್ಲವಾದರೆ ಎರಡೂ ಆಗುವುದಿಲ್ಲ. ಅರ್ಧಕ್ಕೆ ನಿಲ್ಲುವ ಮಾತೇ ಇಲ್ಲ. ರಾತ್ರಿ ಎರಡಕ್ಕೂ ಮಾರಬಹುದು, ಭಾನುವಾರವೂ ಮಾರಬಹುದು. ಎದುರಿಗೆ ಕೊಳ್ಳುವವನು ಇಲ್ಲದಿದ್ದರೂ ನಡೆಯುತ್ತದೆ. 2018ರಲ್ಲಿ ಬಂದ ಯೂನಿಸ್ವಾಪ್ ಅನ್ನುವ ವಿನಿಮಯ ಪ್ರೋಗ್ರಾಂ ಇದನ್ನು ಕ್ರಿಪ್ಟೋದಲ್ಲಿ ಮಾಡಿ ತೋರಿಸಿತು. ಜನ ಎರಡು ಥರದ ಟೋಕನ್ (ಚೈನಿನಲ್ಲಿ ಕೈ ಬದಲಾಗುವ ಡಿಜಿಟಲ್ ಚೀಟಿ) ಒಂದು ಹಗೇವಿಗೆ ಹಾಕಿಡುತ್ತಾರೆ, ಒಂದನ್ನು ಹಾಕಿ ಇನ್ನೊಂದನ್ನು ತೆಗೆದುಕೊಂಡು ಹೋಗಬೇಕು, ದರವನ್ನು ಒಂದು ಗುಣಾಕಾರದ ಲೆಕ್ಕ ತಾನೇ ಕೂಡಿಸುತ್ತದೆ.

ಮತ್ತೆ ಯಾಕೆ ಬಂದಿಲ್ಲ ಅಂದರೆ, ಬಿಟ್‌ಕಾಯಿನ್ ಇರುವುದೇ ಚೈನಿನಲ್ಲಿ, ಶೇರು ಹಾಗಲ್ಲ. ಶೇರು ಅಂದರೆ ಕಂಪನಿಯ ಪುಸ್ತಕದಲ್ಲಿ ನಿಮ್ಮ ಹೆಸರು. ಟೋಕನ್ ಎಷ್ಟು ಕೈ ಬದಲಾದರೂ ಆ ಪುಸ್ತಕದಲ್ಲಿ ಹೆಸರು ಬದಲಾಗದಿದ್ದರೆ ಡಿವಿಡೆಂಡ್ ಯಾರಿಗೆ ಬರುತ್ತದೆ? ಬೋನಸ್ ಯಾರಿಗೆ? 2025ರಲ್ಲಿ ಅಮೆರಿಕದ ಬ್ರೋಕರ್ ಕಂಪನಿ ರಾಬಿನ್‌ಹುಡ್, ಯುರೋಪಿನಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ಹೆಸರಿನ ಟೋಕನ್ ಹಂಚಿತು. ಓಪನ್‌ಎಐ ತಕ್ಷಣ, ಇದು ನಮ್ಮ ಶೇರಲ್ಲ, ನಮಗೂ ಇದಕ್ಕೂ ಸಂಬಂಧ ಇಲ್ಲ ಅಂದುಬಿಟ್ಟಿತು. ಎಫ್‌ಟಿಎಕ್ಸ್ ಅನ್ನುವ ಕ್ರಿಪ್ಟೋ ಎಕ್ಸ್‌ಚೇಂಜ್ ಕೂಡ ಶೇರಿನ ಟೋಕನ್ ಮಾರುತ್ತಿತ್ತು, 2022ರ ನವೆಂಬರಿನಲ್ಲಿ ಅದೇ ಮುಳುಗಿತು. ಎಕ್ಸ್‌ಚೇಂಜ್ ನಡೆಸುವವರೇ ಕೈ ಹಾಕಿದರೂ ಸುಲಭ ಇಲ್ಲ. ಆಸ್ಟ್ರೇಲಿಯಾದ ಸ್ಟಾಕ್ ಎಕ್ಸ್‌ಚೇಂಜ್ ಎಎಸ್‌ಎಕ್ಸ್ ತನ್ನ ಸೆಟಲ್‌ಮೆಂಟನ್ನು (ದುಡ್ಡು, ಶೇರು ಕೈ ಬದಲಾಗುವ ಕೆಲಸ) ಬ್ಲಾಕ್‌ಚೈನಿಗೆ ತರುತ್ತೇನೆ ಅಂತ ವರ್ಷಗಟ್ಟಲೆ ಒದ್ದಾಡಿ, ಅದೇ 2022ರ ನವೆಂಬರಿನಲ್ಲಿ ಕೈಬಿಟ್ಟಿತು. ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನೀರಿಗೆ ಹೋಯಿತು. ಕೋಡ್ ಬರೆಯುವವನಾಗಿ ಹೇಳುತ್ತೇನೆ, ನನಗೆ ಇದು ಬೇಜಾರಿನ ಸಂಗತಿ.

ಗಂಜ್_ಕಾಕಾ (ರಾಯಚೂರು):
ತಮ್ಮಾ, ನಾನು ಗಂಜಿನಲ್ಲಿ ದಲಾಲಿ ಅಂಗಡಿ ಇಟ್ಟವನು, ಆದ್ದರಿಂದ ದಲಾಲರ ಪರ ಮಾತಾಡುತ್ತೇನೆ ಅಂದುಕೊಂಡರೂ ಪರವಾಗಿಲ್ಲ. ರೈತ ಹತ್ತಿ ತಂದು ಅಂಗಡಿ ಮುಂದೆ ಹಾಕುತ್ತಾನೆ, ಖರೀದಿಯವರು ಒಂದು ಹಿಡಿ ತೆಗೆದು ಎಳೆ ಎಳೆದು ನೋಡುತ್ತಾರೆ, ಟೆಂಡರ್ ಈಗ ಕಂಪ್ಯೂಟರಿನಲ್ಲೇ ಬೀಳುತ್ತದೆ. ದರ ಕೂಡುವುದು ಅರ್ಧ ಗಂಟೆಯ ಕೆಲಸ. ನನ್ನ ತಲೆನೋವು ಆಮೇಲೆ. ತೂಕ, ಪಟ್ಟಿ, ಆಮೇಲೆ ಖರೀದಿಯವನು ದುಡ್ಡು ಕೊಟ್ಟರೂ ಕೊಡದಿದ್ದರೂ ರೈತನಿಗೆ ನಾನು ಕೊಡಲೇಬೇಕು. ಒಮ್ಮೆ ಒಬ್ಬ ಖರೀದಿಯವ ಲಾರಿ ತುಂಬಿಸಿಕೊಂಡು ಹೋದವನು ಎಂಟು ತಿಂಗಳು ಮುಖ ತೋರಿಸಲಿಲ್ಲ. ರೈತ ಬಾಗಿಲಿಗೆ ಬಂದು ನಿಂತದ್ದು ಅವನ ಹತ್ತಿರ ಅಲ್ಲ, ನನ್ನ ಹತ್ತಿರ. ಶೇರಿನಲ್ಲಿ ಆ ಕೆಲಸವನ್ನು ಕ್ಲಿಯರಿಂಗ್ ಕಾರ್ಪೊರೇಷನ್ ಮಾಡುತ್ತದೆ. ಎದುರಿನವನು ಕೈ ಎತ್ತಿದರೂ ನಿಮ್ಮ ದುಡ್ಡಿಗೆ ಅದು ಜವಾಬ್ದಾರಿ.

ನೇರ ವ್ಯವಹಾರ ಹೇಗಿರುತ್ತದೆ ಅಂತ ನಾನು ಕಂಡಿದ್ದೇನೆ. ಎನ್‌ಎಸ್‌ಡಿಎಲ್ ಅನ್ನುವ ಡಿಪಾಸಿಟರಿ ಬಂದದ್ದು 1996ರಲ್ಲಿ. ಅದಕ್ಕೂ ಮುಂಚೆ ಶೇರು ಅಂದರೆ ಕಾಗದ. ಮಾರಿದರೆ ಟ್ರಾನ್ಸ್‌ಫರ್ ಡೀಡಿಗೆ ಸಹಿ ಹಾಕಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು, ಎರಡು ತಿಂಗಳ ಮೇಲೆ "ಸಹಿ ಹೊಂದಾಣಿಕೆ ಇಲ್ಲ" ಅಂತ ವಾಪಸ್ ಬರಬೇಕು. ಬ್ಯಾಡ್ ಡೆಲಿವರಿ ಅನ್ನುತ್ತಿದ್ದೆವು. ಒಂದು ಕಟ್ಟು ಇನ್ನೂ ನನ್ನ ಟ್ರಂಕಿನಲ್ಲಿದೆ, ಕಂಪನಿಯೇ ಇಲ್ಲ.

ಇನ್ನು ದರದ ಮಾತು. ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜೇ 2014ರಲ್ಲಿ ಬಾಗಿಲು ಹಾಕಿತು. ಕೊಳ್ಳುವವರು ಜಾಸ್ತಿ ಇರುವ ಕಡೆಗೇ ಮಾಲು ಹೋಗುತ್ತದೆ, ಹೀಗಾಗಿ ಎಲ್ಲ ಮುಂಬೈ ಪಾಲಾಯಿತು. ರಾಜಧಾನಿಯಲ್ಲೇ ಮಂದಿ ಸಾಲಲಿಲ್ಲ ಅಂದಮೇಲೆ ಸಿಂಧನೂರಿನ ಹೋಟೆಲಿನಲ್ಲಿ ನಿಮ್ಮ ಗೆಳೆಯ ಒಬ್ಬನೇ ಕೊಳ್ಳುವವ. ಅವನು ಹೇಳಿದ್ದೇ ದರ.

ಕೊಪ್ಪಳ_ಕೋಡರ್:
ಕಾಕಾ, ಮಧ್ಯದವರೇ ಗ್ಯಾರಂಟಿ ಅನ್ನುತ್ತೀರಿ. 2019ರ ಕಾರ್ವಿ ಮರೆತಿರಾ? ಗಿರಾಕಿಗಳ ಶೇರನ್ನೇ ಅಡ ಇಟ್ಟು ಸಾಲ ಎತ್ತಿದ ಬ್ರೋಕರ್ ಅದು.

ಡೀಮ್ಯಾಟ್_ಕೌಂಟರ್ (ಬಳ್ಳಾರಿ):
ಮರೆತಿಲ್ಲ. ಆ ವಾರ ಫೋನ್ ಎತ್ತಿ ಎತ್ತಿ ಗಂಟಲು ಹೋಗಿತ್ತು. ಅದರ ನಂತರವೇ 2020ರಲ್ಲಿ ನಿಯಮ ಬದಲಾಯಿತು. ಈಗ ಮಾರ್ಜಿನ್ನಿಗೆ, ಅಂದರೆ ವ್ಯವಹಾರಕ್ಕೆ ಮೊದಲೇ ಇಡಬೇಕಾದ ಭದ್ರತೆಗೆ, ಪ್ಲೆಡ್ಜ್ (ಅಡ) ಮಾಡಿದರೂ ಶೇರು ಗಿರಾಕಿಯ ಖಾತೆಯಲ್ಲೇ ಇರುತ್ತದೆ. ತಪ್ಪಾದಾಗ ತಿದ್ದಲು ಯಾರೋ ಇದ್ದರು ಅಲ್ವಾ? ಕ್ರಿಪ್ಟೋ ವಾಲೆಟ್ಟಿನ ಕೀ (ಗುಟ್ಟಿನ ಪಾಸ್‌ವರ್ಡ್ ಥರದ್ದು) ಇಟ್ಟುಕೊಂಡವನು ಯಾರಿಗೂ ಹೇಳದೆ ತೀರಿಕೊಂಡರೆ ಹೆಂಡತಿ ಯಾವ ಕೌಂಟರಿಗೆ ಹೋಗಬೇಕು? ನಮ್ಮಲ್ಲಿ ಡೆತ್ ಸರ್ಟಿಫಿಕೇಟ್, ನಾಮಿನಿ ಅಂತ ಒಂದು ದಾರಿ ಇದೆ. ಓಡಾಡಿಸುತ್ತಾರೆ, ನಿಜ.

ಕೊಪ್ಪಳ_ಕೋಡರ್:
ಅದು ಒಪ್ಪಿದೆ. ಇನ್ನೊಂದನ್ನೂ ನಾನೇ ಒಪ್ಪಿಕೊಳ್ಳುತ್ತೇನೆ. ಈಗ ದಿನಕ್ಕೆ ನೂರು ಸಲ ಕೊಂಡು ಮಾರಿದರೂ ಮೊದಲು ಮಾರ್ಜಿನ್ ಇಟ್ಟು, ಕೊನೆಗೆ ವ್ಯತ್ಯಾಸದ ದುಡ್ಡು ಕಟ್ಟಿದರೆ ಸಾಕು. ಚೈನಿನಲ್ಲಿ ಪ್ರತಿ ಸಲ ಪೂರ್ತಿ ದುಡ್ಡು ಮೊದಲೇ ಇಟ್ಟಿರಬೇಕು. 2024ರ ಮಾರ್ಚಿನಲ್ಲಿ ಶೇರು ಪೇಟೆಯ ನಿಯಂತ್ರಕ ಸೆಬಿ 25 ಶೇರುಗಳಿಗೆ ಅವತ್ತೇ ಸೆಟಲ್ ಆಗುವ ಟಿ ಪ್ಲಸ್ ಝೀರೋ ಶುರು ಮಾಡಿತಲ್ಲ, ಅದೂ ಬ್ಲಾಕ್‌ಚೈನ್ ಇಲ್ಲದೆಯೇ. ನನ್ನ ಪ್ರಕಾರ ಪಿ2ಪಿ, ಅಂದರೆ ಒಬ್ಬರಿಂದ ಒಬ್ಬರಿಗೆ ನೇರ ವ್ಯವಹಾರ, ಬೇಕಿರುವುದು ಎಕ್ಸ್‌ಚೇಂಜಿನಲ್ಲಿ ಇಲ್ಲದ ಅನ್‌ಲಿಸ್ಟೆಡ್ ಶೇರಿಗೆ. ಅಲ್ಲಿ ಇವತ್ತಿಗೂ ವಾಟ್ಸಾಪಿನಲ್ಲೇ ದರ, ಒಬ್ಬ ಡೀಲರ್ ಹೇಳಿದ್ದು ಇನ್ನೊಬ್ಬ ಹೇಳುವುದಿಲ್ಲ. ಕಂಪನಿ ತಾನೇ ತನ್ನ ಹೆಸರಿನ ಪುಸ್ತಕವನ್ನು ಚೈನಿನಲ್ಲಿಟ್ಟು, ಕಾಯ್ದೆ ಅದನ್ನು ಒಪ್ಪಿದರೆ ಅಲ್ಲಿಂದ ಶುರುವಾಗಬಹುದು.

ಅಂದಹಾಗೆ ಸೋನಾ ಅವರೇ, ಟೆಲಿಗ್ರಾಂನಲ್ಲಿ "ಬ್ರೋಕರೇಜ್ ಇಲ್ಲ, ಡೈರೆಕ್ಟ್ ಟ್ರೇಡ್" ಅಂತ ಯಾರಾದರೂ ಕರೆದರೆ ಹೋಗಬೇಡಿ. ಅದು ಪಿ2ಪಿ ಅಲ್ಲ, ಡಬ್ಬಾ. ಶೇರು ಎಲ್ಲೂ ಇರುವುದಿಲ್ಲ, ಬರೀ ದರದ ಮೇಲೆ ಜೂಜು.

ಸಿಂಧನೂರು_ಸೋನಾ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅದೇ ಹೋಟೆಲಿನಲ್ಲಿ ಗೆಳೆಯನಿಗೆ ಎಲ್ಲ ಓದಿ ಹೇಳಿದೆ. ಸರಿ, ಸ್ಲಿಪ್ ಬರೆದೇ ಕೊಡೋಣ ಅಂದುಕೊಂಡೆವು. ನಾನು ದುಡ್ಡು ಮೊದಲು ಫೋನ್‌ಪೇ ಮಾಡು ಅಂದೆ. ಅವನು ಶೇರು ಮೊದಲು ಬರಲಿ ಅಂದ. ಇಪ್ಪತ್ತು ವರ್ಷದ ಗೆಳೆತನ ನಮ್ಮದು! ಮಿರ್ಚಿ ಆರುವವರೆಗೂ ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಹೋಟೆಲ್ ಮಾಲೀಕ, ದುಡ್ಡು ಬೇಕಾದರೆ ನನ್ನ ಗಲ್ಲಾದಲ್ಲಿ ಇಡಿ, ಶೇರು ಬಂತು ಅಂತ ಮೆಸೇಜ್ ತೋರಿಸಿದ ಮೇಲೆ ಕೊಡುತ್ತೇನೆ ಅಂದ. ಅದಕ್ಕೆ ಅವನಿಗೆ ಇನ್ನೂರು ರೂಪಾಯಿ ಕೊಡಬೇಕಂತೆ.

ಕೌಂಟರ್ ಸರ್, ನನ್ನ ಸ್ಲಿಪ್ ಪುಸ್ತಕ ಸಿಗುತ್ತಿಲ್ಲ. ಹೊಸದಕ್ಕೆ ಅರ್ಜಿ ಬರೆದು ಕೊಟ್ಟರೆ ಸಾಕಾ?