ನಾಯಿ ಕರ್ಕೊಂಡು ಕ್ಯಾಂಪಿಂಗ್‌ಗೆ ಹಗುರ ಟೆಂಟ್ ಯಾವ್ದು ತಗೊಳ್ಬೇಕು? ಕಾರವಾರ, ಶಿರಸಿ ಕಡೆಯವ್ರು ಸ್ವಲ್ಪ ಹೇಳಿ

ಕಾಳಿ_ದಂಡೆ:

ಎಲ್ರಿಗೂ ನಮಸ್ಕಾರ. ನಾನು ಕಾರವಾರದವ. ಮನೇಲಿ ಒಂದು ನಾಯಿ ಇದೆ, ಮುಧೋಳ ಮತ್ತೆ ಊರ ನಾಯಿ ಮಿಕ್ಸು, 22 ಕೆಜಿ ತೂಕ, ಕಾಲು ಉದ್ದುದ್ದ, ಸುರುಳಿ ಸುತ್ತಿ ಮಲಗೋ ಪೈಕಿ ಅಲ್ಲ, ನಾಲ್ಕೂ ಕಾಲು ಚಾಚಿ ಅಡ್ಡ ಬಿದ್ಕೊಳ್ಳೋದೇ. ಇಷ್ಟು ದಿನ ಗೆಳೆಯನ ಟೆಂಟ್ ಕಡ ತಂದು ಕೆಲಸ ನಡೀತಿತ್ತು, ಅವ ಈಗ ಬೆಂಗಳೂರು ಸೇರ್ಕೊಂಡ, ಜೊತೆಗೆ ಟೆಂಟೂ ಹೋಯ್ತು. ಮಳೆಗಾಲ ಮುಗಿದ ಮೇಲೆ ಶಿರಸಿ ಕಡೆ ಪರಿಚಯದವ್ರ ತೋಟದ ಮೇಲಿನ ಬೇಣದಲ್ಲಿ (ಹುಲ್ಲುಗಾವಲು), ಆಮೇಲೆ ಮಾಜಾಳಿ, ಗೋಕರ್ಣ ಕಡೆ ಸಮುದ್ರ ದಂಡೇಲಿ ಒಂದೊಂದು ರಾತ್ರಿ ಉಳಿಯೋದು ಅಂತ ಯೋಚನೆ.

ಹೆಚ್ಚಾಗಿ ನಾನು ನಾಯಿ ಇಬ್ರೇ, ಕೆಲವು ಸಲ ಹೆಂಡ್ತಿನೂ ಬರ್ತಾಳೆ. ಗಾಡಿ ನಿಲ್ಸಿ ನಡ್ಕೊಂಡು ಹೋಗೋ ಜಾಗಗಳೇ ಆದ್ರಿಂದ ತೂಕ ಮುಖ್ಯ, ಯಾಕಂದ್ರೆ ನಾಯಿ ನೀರು ನಾಯಿ ಊಟ ಎಲ್ಲ ನಾನೇ ಹೊರ್ಬೇಕು, ಅದು ಕೈ ಬೀಸ್ಕೊಂಡು ಬರ್ತದೆ. ಎರಡು ನೋಡಿಟ್ಟಿದ್ದೇನೆ. ಒಂದು ನೇಚರ್‌ಹೈಕ್ ಕ್ಲೌಡ್ ಅಪ್ 2, 20ಡಿ ನೈಲಾನ್, ಒಂದೂವರೆ ಕೆಜಿ ಆಸುಪಾಸು. ಇನ್ನೊಂದು ಸಾದಾ ಪಾಲಿಯೆಸ್ಟರ್ ಡೋಮ್, 3 ಜನರದ್ದು, 3 ಕೆಜಿ ಹತ್ರ. ಹಗುರದ್ದು ತಗೊಂಡ್ರೆ ಉಗುರು ತಾಗಿ ಹರಿದೇ ಹೋಗ್ತದೆ ಅಂತ ಒಬ್ರು ಹೆದ್ರಿಸಿದ್ರು. ಹೌದಾ? ಬಜೆಟ್ 15 ಸಾವಿರ ಒಳಗೆ.

ಬೇಣದ_ಮನೆ (ಶಿರಸಿ):

ಮೊದ್ಲು ಟೇಪು ಹಿಡ್ದು ಅಳೀರಿ ಮಾರಾಯ್ರೇ, ಗ್ರಾಂ ಲೆಕ್ಕ ಆಮೇಲೆ. ಕಂಪನಿಯವ್ರು 2 ಜನರ ಟೆಂಟು ಹೇಳಿ ಬರೆದ್ರೆ ಎರಡು ಮ್ಯಾಟು ಪಕ್ಕಪಕ್ಕ ಹಾಸೋಷ್ಟು ಜಾಗ ಅಷ್ಟೇ, ಬ್ಯಾಗಿಗೂ ಇಲ್ಲ ಎಂತದಕ್ಕೂ ಇಲ್ಲ. ಸಾದಾ ಮ್ಯಾಟು 51 ಸೆಂಮೀ ಅಗಲ, 2 ಜನರ ಟೆಂಟಿನ ನೆಲ ಹೆಚ್ಚಿನದ್ರಲ್ಲಿ 120ರಿಂದ 135. ನೀವೊಬ್ರೇ ಆದ್ರೆ ನಾಯಿಗೆ 70-80 ಸೆಂಮೀ ಉಳೀತದೆ, ಸಾಕು. ಅಕ್ಕ ಬಂದ್ರು ಅಂದ್ರೆ ಎರಡು ಮ್ಯಾಟಿಗೇ 102 ಹೋಯ್ತು, ಉಳಿದ ಒಂದು ಗೇಣು ಜಾಗದಲ್ಲಿ ಕಾಲು ಚಾಚೋ ನಾಯಿ ಮಲಗ್ತದಾ? ನಿಮ್ಮ ಹೊಟ್ಟೆ ಮೇಲೆ ಮಲಗ್ತದೆ.

ಕ್ಲೌಡ್ ಅಪ್ ಕೆಟ್ಟದ್ದು ಅಲ್ಲ, ಒಬ್ರಿಗೆ ಒಳ್ಳೇದೇ, ಆದ್ರೆ ಅದರ ಬಾಗಿಲು ತಲೆ ಕಡೆ ಒಂದೇ. ರಾತ್ರಿ ಎರಡು ಗಂಟೆಗೆ ನಾಯಿಗೆ ಹೊರಗೆ ಹೋಗ್ಬೇಕು ಅನ್ಸಿದ್ರೆ ನಿಮ್ಮ ಮುಖ ದಾಟೇ ಹೋಗ್ಬೇಕು. ನಾಯಿ ಇರೋರಿಗೆ ಬಾಗಿಲು ಪಕ್ಕದಲ್ಲಿರ್ಬೇಕು, ಎರಡಿದ್ರೆ ಇನ್ನೂ ಚೊಲೊ, ಒಂದು ನಿಮ್ದು ಒಂದು ಅದರದ್ದು. ಬಾಗಿಲ ಹೊರಗೆ ಮಾಡಿನ (ಟೆಂಟಿನ ಮೇಲ್ಹೊದಿಕೆ) ಕೆಳಗೆ ಸ್ವಲ್ಪ ಜಗಲಿ ಥರ ಜಾಗ ಇರ್ತದಲ್ಲ, ಒದ್ದೆ ನಾಯಿನ ಒರೆಸ್ಲಿಕ್ಕೆ ಆ ಜಾಗ ಬೇಕೇ ಬೇಕು. ಇಲ್ಲದಿದ್ರೆ ಒಳಗೆ ಬಂದು ಮೈ ಕೊಡವ್ತದೆ, ಮುಗೀತು ಕಥೆ.

ಉಗುರಿನ ವಿಷ್ಯ. 20ಡಿ ಅಂದ್ರೆ ಆ ನೂಲು 9000 ಮೀಟರ್ ಉದ್ದಕ್ಕೆ 20 ಗ್ರಾಂ ತೂಗ್ತದೆ ಹೇಳಿ ಅರ್ಥ, ಅಷ್ಟು ಸಪೂರ. ನಾಯಿ ಸುಮ್ನೆ ನಡೆದ್ರೆ ಹರಿಯೋದಿಲ್ಲ. ಮಲಗೋ ಮುಂಚೆ ಗೆಬರ್ತದಲ್ಲ, ಸುತ್ತು ಹಾಕಿ ಹಾಕಿ, ಆವಾಗ ತೂತು ಬೀಳೋದು. ಜನ ಎಂತ ಮಾಡ್ತಾರೆ ಅಂದ್ರೆ ಟೆಂಟಿನ ಕೆಳಗೆ ಹಾಸೋ ಶೀಟಿಗೆ ದುಡ್ಡು ಕೊಡ್ತಾರೆ. ಅದು ಕೆಳಗಿನ ಚಿರೇಕಲ್ಲು ಚೂರಿಂದ ಕಾಪಾಡ್ತದೆ ಅಷ್ಟೇ, ಉಗುರು ಬರೋದು ಮೇಲಿಂದ ಅಲ್ದಾ! ನಾಯಿ ಮಲಗೋ ಜಾಗಕ್ಕೆ ಒಳಗಡೆ ತೆಳು ಫೋಮ್ ಮ್ಯಾಟಿನ ತುಂಡು ಹಾಕಿ, ಗೆಬರಿದ್ರೆ ಅದನ್ನ ಗೆಬರ್ಲಿ. ಹೋಗೋ ಎರಡು ದಿನ ಮುಂಚೆ ಉಗುರು ಕತ್ತರ್ಸಿ, ಹಿಂದಿನ ದಿನವೇ ಕತ್ತರ್ಸಿದ್ರೆ ಅಂಚು ಚೂಪು ಇರ್ತದೆ. ನೆಲದ ಬಟ್ಟೆ 40ಡಿ ಮೇಲಿದ್ರೆ ನೆಮ್ಮದಿ.

ಇನ್ನೊಂದು, ಡಬ್ಬದ ಮೇಲೆ 1500 ಎಂಎಂ, 3000 ಎಂಎಂ ಹೇಳಿ ಬರೆದಿರ್ತದೆ. ಆ ಬಟ್ಟೆ ಮೇಲೆ ಅಷ್ಟು ಎತ್ತರ ನೀರು ನಿಲ್ಸಿದ್ರೂ ಒಳಗೆ ಇಳಿಯೋದಿಲ್ಲ ಅಂತ. ಮಾಡಿಗೆ 1500 ಆದ್ರೂ ನಡೀತದೆ, ನೆಲಕ್ಕೆ 3000 ಬೇಕು, ಯಾಕಂದ್ರೆ 22 ಕೆಜಿ ಪೂರ್ತಿ ನಾಲ್ಕು ಪುಟ್ಟ ಪಾದದ ಮೇಲೆ ಬೀಳ್ತದೆ, ಕೆಳಗೆ ನೆಲ ಒದ್ದೆ ಇದ್ರೆ ಒತ್ತಿದಲ್ಲಿ ನೀರು ಬರ್ತದೆ.

ಹರಟೆಮಲ್ಲ:

ಎರಡು ತಾಡಪತ್ರಿ, ಒಂದು ಹಗ್ಗ. ನಮ್ಮಜ್ಜ ಅಷ್ಟರಲ್ಲೇ ಗದ್ದೆ ಕಾಯ್ತಿದ್ದ, ನಾಯಿನೂ ಇತ್ತು 😄

ಗ್ರಾಂ_ಗಿರಾಕಿ (ಹುಬ್ಬಳ್ಳಿ):

ಅಣ್ಣಾ 3 ಕೆಜಿ ಯಾಕ ಹೊರ್ತೀರಿ. ಟ್ರೆಕ್ಕಿಂಗ್ ಪೋಲ್ ಮ್ಯಾಲೆ ನಿಲ್ಲಿಸೋ ಟೆಂಟ್ ನೋಡ್ರಿ, ಕಂಬ ಬ್ಯಾರೆ ಹೊರೋದು ತಪ್ತೈತಿ, ಒಂದು ಕೆಜಿ ಸುತ್ತಮುತ್ತ ಮುಗೀತೈತಿ, ನೆಲಾನೂ ಅಗಲ ಸಿಗ್ತಾವು. ನಾ ಅದನ್ನ ಹೊತ್ಕೊಂಡ ಎಲ್ಲಾ ಕಡೆ ಅಡ್ಡಾಡೀನಿ, ನಾಯಿ ಇಲ್ಲ ಖರೆ, ಆದ್ರ ಜಾಗ ಭಾಳ ಐತಿ. ಒಂದು ಮಾತು, ಸಿಲಿಕಾನ್ ಹಚ್ಚಿದ ನೈಲಾನ್ ತಗೊಂಡ್ರ ಹೊಲಿಗಿ ಜಾಗಕ್ಕ ನಾವೇ ಸಿಲಿಕಾನ್ ಸೀಲರ್ ಹಚ್ಚಬೇಕಾಗ್ತೈತಿ, ಅದಕ್ಕ ಟೇಪ್ ಹಿಡಿಯಂಗಿಲ್ಲ. ನೈಲಾನ್ ತೊಯ್ದ್ರ ಜೋತು ಬೀಳ್ತೈತಿ, ರಾತ್ರಿ ಎದ್ದು ಒಮ್ಮೆ ಹಗ್ಗ ಬಿಗೀಬೇಕು. ಪಾಲಿಯೆಸ್ಟರ್‌ಗೆ ಆ ಕಾಟ ಇಲ್ಲ.

ಟೊಂಕದ_ಗಾಳಿ (ಹೊನ್ನಾವರ):

@ಗ್ರಾಂ_ಗಿರಾಕಿ ನೀವು ಹೇಳಿದ್ದು ಗುಡ್ಡದ ಮಣ್ಣಿಗೆ ಸರಿ. ನಮ್ಮ ಕಡೆ ನೆಲ ಎರಡೇ ಥರ, ಇಲ್ಲಾ ಚಿರೇಕಲ್ಲು, ಗೂಟ ಒಳಗೆ ಹೋಗೋದಿಲ್ಲ ಬಗ್ಗಿ ಹೋಗ್ತದೆ, ಇಲ್ಲಾ ಹೊಯ್ಗೆ ಅಂದ್ರೆ ಮರಳು, ಒಳಗೆ ಹೋದ ಗೂಟ ನಿಲ್ಲೋದಿಲ್ಲ. ಗೂಟದ ಮೇಲೆಯೇ ನಿಂತ್ಕೊಳ್ಳೋ ಟೆಂಟು ಅಂದ್ರೆ ನಾಯಿ ಒಂದ್ಸಲ ಹಗ್ಗಕ್ಕೆ ಕಾಲು ಸಿಕ್ಕಿಸ್ಕೊಂಡು ಎಳೀತು ಅಂದ್ರೆ ಮನೆಯೇ ಬಿತ್ತು. ತನ್ನಷ್ಟಕ್ಕೆ ನಿಲ್ಲೋ ಡೋಮೇ ಆಗ್ಬೇಕು ನನ್ನ ಪ್ರಕಾರ, ಅರ್ಧ ಕೆಜಿ ಹೆಚ್ಚಾದ್ರೂ ಅಡ್ಡಿಲ್ಲ. ಹೊಯ್ಗೆಯಲ್ಲಿ ಗೂಟದ ಬದಲು ತೆಂಗಿನಕಾಯಿ ಸಿಪ್ಪೆಗೆ ಹಗ್ಗ ಕಟ್ಟಿ ಮೊಣಕೈ ಆಳ ಹೂತು ತುಳೀರಿ, ಅಲ್ಲಾಡೋದಿಲ್ಲ. ಸಿಪ್ಪೆ ಸಿಗದೇ ಇದ್ರೆ ಚೀಲಕ್ಕೆ ಹೊಯ್ಗೆ ತುಂಬಿ ಹೂಳಿ. ನಾಯಿನ ಮಾತ್ರ ಟೆಂಟಿನ ಕಂಬಕ್ಕೋ ಗೂಟಕ್ಕೋ ಯಾವತ್ತೂ ಕಟ್ಬೇಡಿ.

ಸಮುದ್ರ ದಂಡೆ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಟೆಂಟಿಗಿಂತ ಮುಖ್ಯ. ನಮ್ಮ ಕರಾವಳಿಗೆ ಚಳಿಗಾಲದಿಂದ ಮಾರ್ಚ್ ತನಕ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಬರ್ತವೆ, ನಿಮ್ಮ ದೇವಬಾಗ, ಮಾಜಾಳಿಯಲ್ಲೂ ಬರ್ತವೆ, ನಮ್ಮ ಟೊಂಕದಲ್ಲೂ. ಮೊಟ್ಟೆ ಒಡೆದು ಮರಿ ಆಗ್ಲಿಕ್ಕೆ 45ರಿಂದ 60 ದಿನ ಬೇಕು, ಅಷ್ಟೂ ದಿನ ಹೊಯ್ಗೆ ಕೆಳಗೇ ಇರ್ತವೆ, ಆ ಗೂಡು ತೋಡಿ ತಿನ್ನೋದ್ರಲ್ಲಿ ನಾಯಿಗಳೇ ಮುಂದೆ. ನಿಮ್ಮದು ಸಾಕಿದ ನಾಯಿ, ಪಾಪದ್ದು ಇರ್ಬಹುದು, ಮೂಗು ಮೂಗೇ ಅಲ್ವಾ. ಆ ತಿಂಗಳಲ್ಲಿ ರಾತ್ರಿ ದಂಡೆ ಮೇಲೆ ನಾಯಿ ಬೇಡ, ದೊಡ್ಡ ಲೈಟೂ ಬೇಡ. ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಮುಗಿಸ್ಕೊಳ್ಳಿ. ನಮ್ಮ ಹೊನ್ನಾವರದ ಕಾಸರಕೋಡು ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚ್ ಅಂತ ಕೊಡೋ ಮಾನ್ಯತೆ) ಸಿಕ್ಕಿದೆ, ಆ ನಿಯಮದಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕೋ ಹಾಗಿಲ್ಲ, ನಾಯಿ ಬಿಡ್ಲಿಕ್ಕೂ ಕಟ್ಟುನಿಟ್ಟು. ಬೇರೆ ದಂಡೆಗಳಲ್ಲೂ ಹೋಗೋ ಮುಂಚೆ ಪಂಚಾಯ್ತಿಯಲ್ಲಿ ಅಥವಾ ಠಾಣೆಯಲ್ಲಿ ಒಂದು ಮಾತು ಕೇಳ್ಕೊಳ್ಳಿ. ಇನ್ನೂ ಒಳ್ಳೇದಂದ್ರೆ ದಂಡೆ ಹಿಂದಿನ ಯಾರದ್ದಾದ್ರೂ ತೆಂಗಿನ ಹಿತ್ಲು, ನೆರಳೂ ಇರ್ತದೆ ಬಾವಿನೂ ಇರ್ತದೆ. ತೆಂಗಿನ ಮರದ ಬುಡಕ್ಕೇ ಹಾಕ್ಬೇಡಿ ಮತ್ತೆ, ಕಾಯಿ ಬೀಳ್ತದೆ.

ಉಂಚಳ್ಳಿ_ಅಬ್ಬಿ (ಸಿದ್ದಾಪುರ):

ಯಾರೂ ಉಣುಗಿನ (ರಕ್ತ ಹೀರೋ ಉಣ್ಣೆ) ಮಾತೇ ಎತ್ಲಿಲ್ವಲ್ಲ! ಶಿರಸಿ ಸಿದ್ದಾಪುರ ಕಡೆ ಬೇಣ, ಸೊಪ್ಪಿನ ಬೆಟ್ಟ ಅಂದ್ರೆ ಮೊದ್ಲು ಅದನ್ನೇ ನೋಡ್ಬೇಕು. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಗೊತ್ತಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾಗಿದ್ದು, ನಮ್ಮ ತಾಲೂಕಿಗೆ ಹೊಸದೇನಲ್ಲ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ, ಆಗ ಮರಿ ಉಣುಗು ತರಗೆಲೆ ತುಂಬ ಇರ್ತದೆ, ಕಣ್ಣಿಗೆ ಕಾಣೋದೇ ಕಷ್ಟ. ನಾಯಿ ತರಗೆಲೆಯಲ್ಲಿ ಹೊರಳಿ ಬಂದು ನಿಮ್ಮ ಪಕ್ಕ ಮಲಗ್ತದೆ, ಹಾಸಿಗೆಗೇ ತಂದು ಬಿಟ್ಟ ಹಾಗೆ. ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಇರೋ ಕಡೆ ಹೋಗ್ಲೇಬೇಡಿ.

ಅದಕ್ಕೇ ನನ್ನ ಲೆಕ್ಕದಲ್ಲಿ ಒಳಗಿನ ಟೆಂಟು ಪೂರ್ತಿ ಜಿಪ್ ಹಾಕೋ ಹಾಗಿರ್ಬೇಕು, ಕೆಳಗೆ ಸಂದಿ ಇರೋ ತಾಡಪತ್ರಿ ಥರದ್ದು, ಬರೀ ಮಾಡು ಮಾತ್ರ ಇರೋದು ಇಲ್ಲಿ ಬೇಡ. ಒಳಗಿನ ನೆಲ ತಿಳಿ ಬಣ್ಣದ್ದಾದ್ರೆ ಉಣುಗು ಕಾಣ್ತದೆ, ಕಪ್ಪು ನೆಲ ಆದ್ರೆ ಬಿಳೀ ಪಂಚೆ ಹಾಸ್ಕೊಳ್ಳಿ. ನಾಯಿಗೆ ಹೋಗೋ ಮುಂಚೆ ಡಾಕ್ಟ್ರ ಹತ್ರ ಉಣುಗಿನ ಮಾತ್ರೆನೋ ಬೆನ್ನಿಗೆ ಹಾಕೋ ಡ್ರಾಪ್ಸೋ ಕೇಳಿ ಹಾಕ್ಸಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವ್ರು ಕೊಡೋ ಡೆಪಾ ಎಣ್ಣೆ ನಿಮ್ಮ ಕೈಕಾಲಿಗೆ, ನಾಯಿಗೆ ಬಳಿಬೇಡಿ, ಅದು ನೆಕ್ತದೆ. ಟೆಂಟಿಗೆ ಪರ್ಮೆತ್ರಿನ್ (ಕೀಟನಾಶಕ) ಹೊಡೆಯೋ ಪ್ಲಾನ್ ಇದ್ರೆ ಮನೇಲಿ ಬೆಕ್ಕು ಇದ್ಯಾ ನೋಡ್ಕೊಳ್ಳಿ, ನಾಯಿಗೆ ನಡೀತದೆ, ಬೆಕ್ಕಿಗೆ ವಿಷ. ಉಣುಗು ಸಿಕ್ರೆ ಕೈಲಿ ಹೊಸಕ್ಬೇಡಿ, ಚಿಮಟದಲ್ಲಿ ಬುಡಕ್ಕೆ ಹಿಡ್ದು ನೇರ ಎಳೀರಿ. ಮಳೆ ಬಿಟ್ಟ ಹೊಸದ್ರಲ್ಲಿ ಬಂದ್ರೆ ಉಣುಗಿನ ಕಾಟ ಕಮ್ಮಿ, ಉಂಬಳ (ಜಿಗಣೆ) ಇರ್ತದೆ, ಅದಕ್ಕೆ ಸುಣ್ಣನೋ ಉಪ್ಪೋ ಹಾಕಿದ್ರೆ ಮುಗೀತು. ನಾಯಿ ಮೂಗಿನ ಹೊಳ್ಳೆ, ಬೆರಳ ಸಂದಿ ನೋಡ್ತಾ ಇರಿ.

ಮತ್ತೆ ರಾತ್ರಿ ನಾಯಿ ಹೊರಗೆ ಬೇಡ. ನಮ್ಮಲ್ಲಿ ಚಿರತೆ ಮನೆ ಜಗಲಿಯಿಂದ್ಲೇ ನಾಯಿ ಎತ್ಕೊಂಡು ಹೋಗ್ತದೆ. ಟೆಂಟಿನ ಬಟ್ಟೆ ಚಿರತೆ ತಡೀತದೆ ಅಂತಲ್ಲ, ಕಟ್ಟಿ ಹಾಕಿದ ನಾಯಿ ಅಂದ್ರೆ ಕರೆದು ಬಡಿಸಿದ ಹಾಗೆ. ಅಣಶಿ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ನಾಯಿ ಕರ್ಕೊಂಡು ಹೋಗೋ ಯೋಚನೆನೇ ಬಿಡಿ, ನಾಯಿಯ ಡಿಸ್ಟೆಂಪರ್ ರೋಗ ಹುಲಿ ಚಿರತೆಗೂ ತಗಲ್ತದೆ.

ಕಾಳಿ_ದಂಡೆ:

ಅಬ್ಬಾ, ಟೆಂಟ್ ಕೇಳಿದ್ರೆ ಪೂರ್ತಿ ಜಿಲ್ಲೆ ತಿರುಗಿಸಿ ತೋರ್ಸಿದ್ರಿ, ಥ್ಯಾಂಕ್ಸ್. ಕಡಲಾಮೆ ವಿಷ್ಯ ಗೊತ್ತಿತ್ತು, ನಾಯಿ ಜೊತೆ ಸೇರ್ಸಿ ಯೋಚ್ನೆ ಮಾಡಿರ್ಲಿಲ್ಲ, ಹಾಗಾದ್ರೆ ಸಮುದ್ರ ನವೆಂಬರ್‌ಗೇ. ಬೆಕ್ಕು ಇಲ್ಲ ಮನೇಲಿ. ಈಗ ಒಂದೇ ಡೌಟು: ಹೆಂಡ್ತಿ ಅಪರೂಪಕ್ಕೆ ಬರೋದು, ಅದಕ್ಕೋಸ್ಕರ ಪ್ರತಿ ಸಲ 3 ಜನರದ್ದು ಹೊರ್ಬೇಕಾ? ಇನ್ನೊಂದು ಸೆಕೆ. ನಮ್ಮ ಕಾರವಾರದಲ್ಲಿ ನವೆಂಬರ್‌ನಲ್ಲೂ ಬೆವರು ಇಳೀತದೆ, ನಾಯಿ ರಾತ್ರಿ ಪೂರ್ತಿ ಹಾ ಹಾ ಅಂತ ಏದುಸಿರು ಬಿಡ್ತಿರ್ತದೆ.

ಬೇಣದ_ಮನೆ (ಶಿರಸಿ):

ಅಪರೂಪಕ್ಕೆ ಅಂದ್ರೆ 2 ಜನರದ್ದೇ ಸಾಕು, ಆದ್ರೆ ಪಕ್ಕದಲ್ಲಿ ಎರಡು ಬಾಗಿಲಿನದ್ದು. ಅದೇ ಕಂಪನಿಯ ಮಾಂಗರ್ 2 ನೋಡಿ, ಎರಡೂ ಬದಿ ಬಾಗಿಲಿದೆ, 2 ಕೆಜಿ ಆಸುಪಾಸು, ತನ್ನಷ್ಟಕ್ಕೆ ನಿಲ್ತದೆ. ಅಕ್ಕ ಬರೋ ದಿನ ಹೊರೋದಕ್ಕೂ ಇಬ್ರಾಗ್ತೀರಿ, ಆವಾಗ ಯಾರ ಹತ್ರಾದ್ರೂ 3 ಜನರದ್ದು ಕಡ ತಂದು, ಒಬ್ರು ಕಂಬ ಒಬ್ರು ಬಟ್ಟೆ ಹೊತ್ಕೊಂಡ್ರೆ ಆಯ್ತು.

ಸೆಕೆಗೆ ಔಷಧಿ ಇಲ್ಲ, ಗಾಳಿ ಒಂದೇ. ನಾಯಿ ಮೈ ಬಿಸಿಯೇ 38ರಿಂದ 39 ಡಿಗ್ರಿ, ಬೆವರಿ ತಣಿಯೋ ದಾರಿ ಅದಕ್ಕಿಲ್ಲ, ಉಸಿರಲ್ಲೇ ಶಾಖ ಬಿಡ್ಬೇಕು, ಆ ಉಸಿರಿನ ಹಬೆ ಪೂರ್ತಿ ಟೆಂಟಿನ ಮಾಡಿಗೆ ಹತ್ತಿ ಬೆಳಗಾಗೋದ್ರೊಳಗೆ ನೀರಾಗಿ ತೊಟ್ಟಿಕ್ತದೆ. ಅದಕ್ಕೇ ಒಂದೇ ಪದರದ ಟೆಂಟು ಬೇಡ ಹೇಳೋದು. ಒಳಗಿನದ್ದು ಪೂರ್ತಿ ಬಲೆ, ಹೊರಗಿನದ್ದು ಬೇರೆ, ಮಳೆ ಇಲ್ಲದ ದಿನ ಹೊರಗಿನದ್ದನ್ನ ಅರ್ಧ ಮಡಚಿಡಿ. ಬಲೆ ಕಣ್ಣು ಸಣ್ಣಕ್ಕಿದ್ರೆ ಗಾಳಿ ಸ್ವಲ್ಪ ಕಮ್ಮಿಯೇ, ಆದ್ರೆ ದಂಡೆ ಮೇಲೆ ನೊರಜು ಕಡಿಯೋದು ನಿಮಗೆ ಗೊತ್ತೇ ಇದೆ, ಹಾಗಾಗಿ ಸಣ್ಣ ಕಣ್ಣಿಂದೇ ತಗೊಳ್ಳಿ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ನಾಯಿನ ಒಳಗೆ ಬಿಟ್ಟು ಜಿಪ್ ಹಾಕಿ ಹೋಗೋದು ಐದು ನಿಮಿಷಕ್ಕೂ ಬೇಡ.

ತಂದ ಕೂಡ್ಲೇ ಕಾಡಿಗೆ ಹೊರಡ್ಬೇಡಿ, ಒಂದು ವಾರ ಅಂಗಳದಲ್ಲಿ ಹಾಕಿ ನಾಯಿಗೆ ಊಟ ಅದರೊಳಗೇ ಕೊಡಿ. ಬಲೆ ಬಾಗಿಲು ಅಂದ್ರೆ ಏನು ಅಂತ ಗೊತ್ತಿಲ್ಲದ ನಾಯಿ ನರಿ ಕೂಗಿದ್ರೆ ಅದನ್ನ ಹರ್ಕೊಂಡೇ ಓಡ್ತದೆ. ರಿಪೇರಿ ಟೇಪು ಒಂದು ಬ್ಯಾಗಲ್ಲಿ ಇರ್ಲಿ.

ಟೊಂಕದ_ಗಾಳಿ (ಹೊನ್ನಾವರ):

ಸಮುದ್ರದಿಂದ ಬಂದ ಮೇಲೆ ಸಿಹಿ ನೀರಲ್ಲಿ ಜಿಪ್ಪು, ಕಂಬದ ಜೋಡಣೆ ಎರಡನ್ನೂ ತೊಳೀರಿ, ಉಪ್ಪು ಕೂತ್ರೆ ಅಲ್ಯೂಮಿನಿಯಂ ಕಂಬ ಒಂದಕ್ಕೊಂದು ಕಚ್ಕೊಂಡು ಬಿಡೋದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಚೀಲದಲ್ಲಿ ಸುತ್ತಿ ಇಡ್ಬೇಡಿ, ಬೂಷ್ಟು ಒಂದು, ಆಮೇಲೆ ಬಟ್ಟೆಗೆ ನೀರು ಇಳಿಯದ ಹಾಗೆ ಬಳಿದಿರೋ ಪಿಯು ಕೋಟಿಂಗ್ ತೇವಕ್ಕೆ ಕರಗಿ ಅಂಟಂಟು ಆಗಿ ವಾಂತಿ ವಾಸನೆ ಬರ್ತದೆ, ಒಮ್ಮೆ ಹಾಗಾದ್ರೆ ರಿಪೇರಿ ಇಲ್ಲ. ಹಳೇ ದಿಂಬಿನ ಕವರಲ್ಲಿ ಸಡಿಲಾಗಿ ತುಂಬಿ ಅಡುಗೆಮನೆ ಅಟ್ಟದ ಮೇಲೆ ಇಡಿ, ಅಲ್ಲಿ ಒಣಗಿರ್ತದೆ.

ಗ್ರಾಂ_ಗಿರಾಕಿ (ಹುಬ್ಬಳ್ಳಿ):

ಆತು, ಹೊಯ್ಗಿ ಚಿರೇಕಲ್ಲು ನಾ ಲೆಕ್ಕಕ್ಕ ತಗೊಂಡಿರ್ಲಿಲ್ಲ, ಡೋಮೇ ತಗೋರಿ. ಮ್ಯಾಟ್ ಮಾತ್ರ ಹಗುರದ್ದ ತಗೊಂಡು ಆ ಅರ್ಧ ಕೆಜಿ ಅಲ್ಲಿ ಉಳಿಸ್ರಿ. ಗಾಳಿ ತುಂಬೋ ಮ್ಯಾಟ್ ಬ್ಯಾಡ, ನಾಯಿ ಉಗುರು ಅಂದ್ರ ರಾತ್ರಿ ನೆಲದ ಮ್ಯಾಲೆ ನೀವು.

ಕಾಳಿ_ದಂಡೆ:

ಸರಿ, ಈ ಭಾನುವಾರ ಹುಬ್ಬಳ್ಳಿಗೆ ಹೋಗೋದಿದೆ, ಅಲ್ಲಿ ಅಂಗಡಿಯಲ್ಲಿ ಹಾಕಿಟ್ಟ ಟೆಂಟುಗಳ ಒಳಗೆ ಮಲಗಿ ನೋಡ್ತೇನೆ. ನಾಯಿನೂ ಕರ್ಕೊಂಡು ಹೋದ್ರೆ ಒಳಗೆ ಬಿಡ್ತಾರಾ?

ಗ್ರಾಂ_ಗಿರಾಕಿ (ಹುಬ್ಬಳ್ಳಿ):

ಫೋನ್ ಮಾಡಿ ಕೇಳ್ರಿ ಮೊದ್ಲ. ಬಿಡ್ಲಿಲ್ಲ ಅಂದ್ರ ಮನ್ಯಾಗ ನಾಯಿ ಮಲಗಿದಾಗ ಮೂಗಿನಿಂದ ಬಾಲದ ತನಕ, ಬೆನ್ನಿನಿಂದ ಪಾದದ ತನಕ ಅಳದು ಚೀಟಿ ಮ್ಯಾಲೆ ಬರ್ಕೊಂಡ ಬರ್ರಿ.